ಎಂಡೋಸ್ಕೋಪಿ ಆಗಿದೆ, ಮತ್ತೆ ಸಿಟಿ ಸ್ಕ್ಯಾನ್ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮೆಜಮಾನ್ರಿಗೆ ಸೈನಸ್ ಆಪರೇಷನ್ ಆಗ್ಬೇಕು ಅಂದಿದಾರೆ. ಎಕ್ಸ್‌ರೇ ತೆಗ್ಸಿದ್ವಿ, ಮೂಗೊಳಗೆ ಕ್ಯಾಮೆರಾ ಹಾಕಿನೂ ನೋಡಿದ್ರು, ಈಗ ಸಿಟಿ ಸ್ಕ್ಯಾನೂ ಬೇಕಂತೆ. ನಿಜವಾಗ್ಲೂ ಬೇಕಾ?

ಬೇಕಮ್ಮ. ಅದಿಲ್ದೆ ಆಪರೇಷನ್‌ಗೆ ಒಪ್ಕೋಬೇಡಿ.

ಕ್ಯಾಮೆರಾಗೆ ಕಾಣೋದು ಎದುರಿಗಿರೋದು ಮಾತ್ರ, ಸೈನಸ್ ಅಂದ್ರೆ ಮುಖದ ಮೂಳೆಯೊಳಗಿನ ಗಾಳಿ ಗೂಡು, ಅದರ ಗೋಡೆ ಎಷ್ಟು ದಪ್ಪ, ಆಚೆ ಏನಿದೆ ಅಂತ ಗೊತ್ತಾಗಲ್ಲ. ಎಕ್ಸ್‌ರೇಲಿ ಹಿಂದಿನ ಮೂಳೆ ಮುಂದಿನ ಮೂಳೆ ಎಲ್ಲ ಒಂದ್ರ ಮೇಲೊಂದು ಬಿದ್ದಿರತ್ತೆ, ಕೆನ್ನೆ ಹತ್ರದ ಸೈನಸ್ ಏನೋ ಸ್ವಲ್ಪ ತಿಳಿಯತ್ತೆ, ಎರಡು ಕಣ್ಣಿನ ಮಧ್ಯ ಜೇನುಗೂಡಿನ ಥರ ಇರೋ ಎಥ್ಮಾಯ್ಡ್ ಸೈನಸ್ ಮಾತ್ರ ಸರಿಯಾಗಿ ಕಾಣಲ್ಲ.

ಕಾಯಿಲೆ ಎಲ್ಲೆಲ್ಲಿದೆ ಅಂತ ಸಿಟಿ ಹೇಳತ್ತೆ ಸರಿ, ಆದ್ರೆ ನಾನು ಮೊದ್ಲು ಹುಡುಕೋದು ಎಲ್ಲೆಲ್ಲಿ ಕೈ ಹಾಕ್ಬಾರ್ದು ಅನ್ನೋದನ್ನ. ಸೈನಸ್‌ಗೂ ಕಣ್ಣಿಗೂ ಮಧ್ಯದ ಮೂಳೆಗೆ ಲ್ಯಾಮಿನಾ ಪ್ಯಾಪಿರೇಸಿಯಾ ಅಂತಾರೆ, ಹೆಸರಿನ ಅರ್ಥವೇ ಕಾಗದದಂಥ ಹಾಳೆ ಅಂತ. ಸ್ಕ್ಯಾನಲ್ಲಿ ಚೂಪು ಪೆನ್ಸಿಲಲ್ಲಿ ಎಳೆದ ಹಾಗೆ ಒಂದು ಸಣ್ಣ ಬಿಳಿ ಗೆರೆ. ಯಾವತ್ತೋ ಬೈಕಿಂದ ಬಿದ್ದು ಮುಖಕ್ಕೆ ಪೆಟ್ಟಾಗಿದ್ರೆ ಆ ಗೆರೆ ಅಲ್ಲಲ್ಲಿ ಕಡಿದಿರ್ಬೋದು, ಕಣ್ಣಿನ ಸುತ್ತಲ ಕೊಬ್ಬು ಆ ಸಂದೀಲಿ ಈಚೆಗೆ ಇಣುಕಿರತ್ತೆ, ಕ್ಯಾಮೆರಾಲಿ ನೋಡಿದ್ರೆ ಅದೂ ಪಾಲಿಪ್ (ಮೂಗೊಳಗೆ ಬೆಳೆಯೋ ಮೆತ್ತನೆ ದುರ್ಮಾಂಸ) ಅನ್ಸಿಬಿಡ್ಬೋದು.

ಮೇಲ್ಗಡೆ ಮೆದುಳು. ವಾಸನೆ ನರ ಕೂರೋ ತಗ್ಗಿನ ಆಳವನ್ನ 1962ರಲ್ಲಿ ಕೆರೋಸ್ ಅನ್ನೋರು ಮೂರು ಥರ ಮಾಡಿದ್ರು: 1ರಿಂದ 3 ಮಿಲಿಮೀಟರ್, 4ರಿಂದ 7, 8ರಿಂದ 16. ತಗ್ಗು ಆಳ ಇದ್ದಷ್ಟೂ ಅದರ ಪಕ್ಕದ ತೆಳು ಮೂಳೆ ನಮ್ಮ ಉಪಕರಣಕ್ಕೆ ಸಿಗೋದು ಜಾಸ್ತಿ, ಅಲ್ಲಿ ತೂತಾದ್ರೆ ಮೆದುಳಿನ ಸುತ್ತಲ ನೀರು ಮೂಗಲ್ಲಿ ಸೋರತ್ತೆ. ಎಡಗಡೆ ಇದ್ದ ಹಾಗೆ ಬಲಗಡೆ ಇರತ್ತೆ ಅಂತಾನೂ ಇಲ್ಲ. ಕೆಲವರಿಗೆ ಓನೋಡಿ ಸೆಲ್ ಅಂತ ಎಥ್ಮಾಯ್ಡ್‌ನ ಹಿಂದಿನ ಗೂಡೊಂದು, ಮೂಗಿನ ತೀರಾ ಹಿಂದಿರೋ ಸ್ಫಿನಾಯ್ಡ್ ಸೈನಸ್ ಮೇಲಕ್ಕೆ ಬೆಳೆದಿರತ್ತೆ, ಕಣ್ಣಿನ ನರ ಅದರ ಗೋಡೇಲೇ ಹಾದುಹೋಗಿರ್ಬೋದು, ಇದು ಮೊದ್ಲೇ ಗೊತ್ತಿರಲೇಬೇಕು.

ಈ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಇಂಜೆಕ್ಷನ್ ಏನೂ ಬೇಡ, ಮಲಗಿ ಎದ್ದಷ್ಟೇ ಹೊತ್ತು. ನೆಗಡಿ ಜೋರಾಗಿದ್ದಾಗ ತೆಗೆಸ್ಬೇಡಿ, ಔಷಧಿ ಕೋರ್ಸ್ ಮುಗಿದ್ಮೇಲೆ ಉಳಿಯೋ ಕಾಯಿಲೆನೇ ನಮಗೆ ಕಾಣ್ಬೇಕು. ಗೆಡ್ಡೆ ಡೌಟಿದ್ರೆ, ಅಥವಾ 2021ರಲ್ಲಿ ನೋಡಿದ ಬ್ಲ್ಯಾಕ್ ಫಂಗಸ್ ಥರದ್ದು ಕಣ್ಣಿಗೆ ಮೆದುಳಿಗೆ ಹೋಗಿದ್ಯಾ ಅಂತ ನೋಡೋಕೆ, ಎಂಆರ್‌ಐ ಕೂಡ ಬರೀತೀವಿ.

ಫಿಲಂ ಜೊತೆ ಸಿಡಿನೂ ಕೇಳಿ ಇಸ್ಕೊಳಿ, ಫಿಲಂನಲ್ಲಿ ಆರಿಸಿದ ಕೆಲವೇ ಚಿತ್ರ ಇರತ್ತೆ. ಆಪರೇಷನ್ ದಿನ ಮನೇಲಿ ಮರ್ತು ಬರ್ಬೇಡಿ, ಥಿಯೇಟರಲ್ಲಿ ಅದನ್ನ ಸ್ಕ್ರೀನ್ ಮೇಲೆ ಹಾಕ್ಕೊಂಡೇ ನಾವು ಕೆಲಸ ಶುರು ಮಾಡೋದು.