ಒಂದು ಸಿನಿಮಾ, ಐದು ರೂಪ: ‘ಬ್ಲೇಡ್ ರನ್ನರ್’ ಮನೆಗೆ ಬಂದ ದಾರಿ

‘ಬ್ಲೇಡ್ ರನ್ನರ್’ ನೋಡಿದ್ದೀರಾ ಅಂತ ಯಾರಾದರೂ ಕೇಳಿದರೆ, ಯಾವುದು ಅಂತ ತಿರುಗಿ ಕೇಳಬೇಕಾಗುತ್ತದೆ. ಹ್ಯಾರಿಸನ್ ಫೋರ್ಡ್ ದನಿಯಲ್ಲಿ ನಿರೂಪಣೆ ಇರುವುದೋ, ಇಲ್ಲದ್ದೋ? ಕೊನೆಯಲ್ಲಿ ಹಸಿರು ಬೆಟ್ಟಗಳು ಕಾಣುವುದೋ, ಲಿಫ್ಟಿನ ಬಾಗಿಲು ಮುಚ್ಚಿ ಮುಗಿದುಹೋಗುವುದೋ? 2007ರ ಡಿಸೆಂಬರಿನಲ್ಲಿ ವಾರ್ನರ್ ಕಂಪನಿ ಈ ಒಂದೇ ಸಿನಿಮಾಕ್ಕೆ ಐದು ಡಿಸ್ಕುಗಳ ಪೆಟ್ಟಿಗೆ ತಂದಿತು. ಅದರೊಳಗೆ ಸಿನಿಮಾದ ಐದು ರೂಪಗಳಿದ್ದವು. ಇಷ್ಟೆಲ್ಲ ಹುಟ್ಟಿಕೊಂಡಿದ್ದರಲ್ಲಿ ನಿರ್ದೇಶಕರ ಹಟ ಎಷ್ಟಿದೆಯೋ, ಮನೆಯಲ್ಲಿ ನೋಡುವವರಿಗೆ ಮತ್ತೆ ಮತ್ತೆ ಮಾರಬೇಕೆಂಬ ವ್ಯಾಪಾರವೂ ಅಷ್ಟೇ ಇದೆ.

ಕಥೆ ನಡೆಯುವುದು 2019ರ ನವೆಂಬರಿನ ಲಾಸ್ ಏಂಜಲೀಸಿನಲ್ಲಿ. ಬಿಸಿಲೇ ಇಲ್ಲ, ಯಾವಾಗಲೂ ಮಳೆ. ಮನುಷ್ಯರ ಹಾಗೇ ಕಾಣುವ, ಕಂಪನಿಯೊಂದು ತಯಾರಿಸಿದ ‘ರೆಪ್ಲಿಕಂಟ್’ಗಳು ತಪ್ಪಿಸಿಕೊಂಡು ಭೂಮಿಗೆ ಬಂದಿರುತ್ತವೆ. ಅವನ್ನು ಹುಡುಕಿ ಕೊಲ್ಲುವುದು ಡೆಕಾರ್ಡ್ ಎಂಬಾತನ ಕೆಲಸ. ಆ ಪಾತ್ರ ಮಾಡಿದವರು ಫೋರ್ಡ್. ಮೂಲ, ಫಿಲಿಪ್ ಕೆ. ಡಿಕ್ 1968ರಲ್ಲಿ ಬರೆದ ಕಾದಂಬರಿ. ಸಿನಿಮಾ ತೆರೆಗೆ ಬರುವ ಕೆಲವೇ ತಿಂಗಳ ಮೊದಲು, 1982ರ ಮಾರ್ಚಿನಲ್ಲಿ, ಡಿಕ್ ತೀರಿಕೊಂಡರು.

ಅದೇ ಮಾರ್ಚಿನಲ್ಲಿ ಡೆನ್ವರ್ ಮತ್ತು ಡಲ್ಲಾಸ್ ನಗರಗಳಲ್ಲಿ ಪ್ರೇಕ್ಷಕರಿಗೆ ಪರೀಕ್ಷೆಗೆಂದು ಸಿನಿಮಾ ತೋರಿಸಿದರು. ಜನರಿಗೆ ಅರ್ಥ ಆಗಲಿಲ್ಲ, ಇಷ್ಟವೂ ಆಗಲಿಲ್ಲ. ಹಣ ಹಾಕಿದವರು ಗಾಬರಿಯಾದರು. ಡೆಕಾರ್ಡ್ ತಾನೇ ಕಥೆ ವಿವರಿಸುವ ವಾಯ್ಸ್ ಓವರ್ ಸೇರಿತು. ಫೋರ್ಡ್‌ಗೆ ಅದು ಸುತರಾಂ ಇಷ್ಟವಿರಲಿಲ್ಲ. ಕೊನೆಗೆ ನಾಯಕ ನಾಯಕಿ ಕಾರಿನಲ್ಲಿ ಹೊರಟುಹೋಗುವ ಸುಖಾಂತ್ಯವನ್ನೂ ಅಂಟಿಸಿದರು. ಅಲ್ಲಿ ಕಾಣುವ ಬೆಟ್ಟಗುಡ್ಡಗಳ ಆಕಾಶ ದೃಶ್ಯ ಈ ಸಿನಿಮಾಕ್ಕೆಂದು ತೆಗೆದದ್ದೇ ಅಲ್ಲ. ಸ್ಟ್ಯಾನ್ಲಿ ಕೂಬ್ರಿಕ್ ತಮ್ಮ ‘ದ ಶೈನಿಂಗ್’ ಚಿತ್ರದ ಆರಂಭಕ್ಕೆಂದು ತೆಗೆಸಿ ಮಿಕ್ಕಿದ್ದ ಫಿಲ್ಮು! ಎರಡು ಗಂಟೆ ಹೊಗೆ, ಮಳೆ, ಕತ್ತಲು ನೋಡಿದ ಮೇಲೆ ಇದ್ದಕ್ಕಿದ್ದಂತೆ ಹಸಿರು ಕಾಡು. ಅಷ್ಟು ಹಸಿರು ಪಕ್ಕದಲ್ಲೇ ಇದ್ದರೆ ಆ ಊರಿನಲ್ಲಿ ಯಾಕೆ ಒದ್ದಾಡುತ್ತಿದ್ದರು ಅಂತ ಅನಿಸದೇ ಇರದು.

ಇಷ್ಟು ಮಾಡಿಯೂ ಸಿನಿಮಾ ಓಡಲಿಲ್ಲ. 1982ರ ಜೂನ್ 25ರಂದು ಬಿಡುಗಡೆ. ಎರಡು ವಾರ ಮೊದಲೇ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಬಂದು ಊರೆಲ್ಲ ಅದರ ಹಿಂದೆ ಹೋಗಿತ್ತು. ಮುದ್ದಾದ ಅನ್ಯಗ್ರಹದ ಜೀವಿಯನ್ನು ನೋಡಿ ಕಣ್ಣೊರೆಸಿಕೊಂಡವರಿಗೆ ಈ ಕತ್ತಲ ಊರು ಯಾಕೆ ಬೇಕು?

ಸಿನಿಮಾವನ್ನು ಬದುಕಿಸಿದ್ದು ಕ್ಯಾಸೆಟ್ಟು. 1983ರ ಹೊತ್ತಿಗೆ ವಿಎಚ್‌ಎಸ್ ಕ್ಯಾಸೆಟ್ ಅಂಗಡಿಗೆ ಬಂತು. ಥಿಯೇಟರಿನಲ್ಲಿ ಕಥೆ ನಿಧಾನ ಎಂದು ಬೇಸರವಾಗಿದ್ದದ್ದೇ ಮನೆಯಲ್ಲಿ ಲಾಭವಾಯಿತು. ದೃಶ್ಯವನ್ನು ನಿಲ್ಲಿಸಿ ಹಿಂದೆಮುಂದೆ ನೋಡುವವರಿಗೆ ಗೋಡೆಯ ಫಲಕ, ಬೀದಿಯ ಜನ, ಛತ್ರಿಯ ದೀಪ ಎಲ್ಲದರಲ್ಲೂ ಏನೋ ಸಿಗುತ್ತಿತ್ತು. ಅಮೆರಿಕದ ಥಿಯೇಟರಿನಲ್ಲಿ ಇಲ್ಲದಿದ್ದ, ಹೊರದೇಶಗಳಲ್ಲಷ್ಟೇ ತೋರಿಸಿದ್ದ ಹೆಚ್ಚುವರಿ ಹೊಡೆದಾಟದ ತುಣುಕುಗಳೂ ವಿಡಿಯೊ ಮೂಲಕವೇ ಅಲ್ಲಿನವರನ್ನು ತಲುಪಿದವು.

ಹೀಗೆ ರಿವೈಂಡ್ ಮಾಡಿ ನೋಡುವವರು ಲೆಕ್ಕವನ್ನೂ ಹಾಕಿದರು. ಪೊಲೀಸ್ ಅಧಿಕಾರಿ ಬ್ರಯಂಟ್ ಒಂದು ಕಡೆ, ಆರು ರೆಪ್ಲಿಕಂಟ್ ತಪ್ಪಿಸಿಕೊಂಡವು, ಒಂದು ಸತ್ತಿತು ಅನ್ನುತ್ತಾನೆ. ಹಾಗಾದರೆ ಐದು ಉಳಿಯಬೇಕು. ಡೆಕಾರ್ಡ್ ಬೆನ್ನಟ್ಟುವುದು ನಾಲ್ಕನ್ನು ಮಾತ್ರ. ಇನ್ನೊಂದು ಎಲ್ಲಿ? ಡೆಕಾರ್ಡೇ ಆ ಕಾಣೆಯಾದ ರೆಪ್ಲಿಕಂಟ್ ಎಂದು ಅಭಿಮಾನಿಗಳು ವಾದಿಸಿದರು. ನಿಜ ಏನೆಂದರೆ, ಇನ್ನೊಂದು ಪಾತ್ರ ಚಿತ್ರಕಥೆಯಲ್ಲಿತ್ತು, ಚಿತ್ರೀಕರಣದಲ್ಲಿ ಕೈಬಿಟ್ಟರು, ಸಂಭಾಷಣೆ ತಿದ್ದುವುದು ಉಳಿದುಹೋಯಿತು. ಒಂದೇ ಸಲ ಥಿಯೇಟರಿನಲ್ಲಿ ನೋಡಿದವರಲ್ಲಿ ಎಷ್ಟು ಜನ ಇದನ್ನು ಹಿಡಿದಾರು?

ಕ್ಯಾಸೆಟ್ಟಿಗೆ ಒಂದು ದೊಡ್ಡ ಕೊರತೆಯಿತ್ತು. ಅಗಲವಾದ ಚಿತ್ರವನ್ನು ಆಗಿನ ಟಿವಿಯ ಚೌಕಕ್ಕೆ ತುಂಬಿಸಲು ಎರಡೂ ಬದಿ ಕತ್ತರಿಸುತ್ತಿದ್ದರು. ಹಾಗೆ ಮಾಡಿದರೆ ಚೌಕಟ್ಟಿನಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಭಾಗ ಹೋಗುತ್ತದೆ. ಈ ಸಿನಿಮಾದಲ್ಲಿ ಊರೇ ಮುಖ್ಯ ಪಾತ್ರ. 1987ರಲ್ಲಿ ಕ್ರೈಟೀರಿಯನ್ ಕಂಪನಿ ತಂದ ಲೇಸರ್ ಡಿಸ್ಕಿನಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಅಗಲ ತೋರಿಸಿದರು. ಲೇಸರ್ ಡಿಸ್ಕು ದುಬಾರಿ, ಕೊಂಡವರು ಕಡಿಮೆ. ಆದರೆ ಊರು ಪೂರ್ತಿ ಕಂಡಿತು.

ಆಮೇಲಿನದು ಆಕಸ್ಮಿಕ. ಪರೀಕ್ಷೆಗೆ ತೋರಿಸಿದ್ದ ಹಳೆಯ ವರ್ಕ್‌ಪ್ರಿಂಟ್‌ನ, ಅಂದರೆ ಅಂತಿಮ ರೂಪಕ್ಕೆ ಬರುವ ಮೊದಲಿನ ಕಚ್ಚಾ ಆವೃತ್ತಿಯ, 70 ಎಂಎಂ ಪ್ರತಿ ಸಿಕ್ಕಿತು. 1990ರಲ್ಲಿ ಲಾಸ್ ಏಂಜಲೀಸಿನ ಥಿಯೇಟರೊಂದರಲ್ಲಿ ತೋರಿಸಿದಾಗ ಜನ ಬೆರಗಾದರು. ಮರುವರ್ಷ ಅದನ್ನೇ ನಿರ್ದೇಶಕರ ರೂಪ ಎಂದು ಜಾಹೀರಾತು ಮಾಡಿ ಓಡಿಸಿದರು. ನಿರ್ದೇಶಕ ರಿಡ್ಲಿ ಸ್ಕಾಟ್ ಇದು ನನ್ನದಲ್ಲ ಅಂದರು. ಜನ ಬರುತ್ತಿದ್ದದ್ದನ್ನು ಕಂಡ ವಾರ್ನರ್, ಹಾಗಾದರೆ ನಿಮ್ಮದನ್ನೇ ಮಾಡಿ ಎಂದು 1992ರಲ್ಲಿ ‘ಡೈರೆಕ್ಟರ್ಸ್ ಕಟ್’ ಬಿಡುಗಡೆ ಮಾಡಿತು. ವಾಯ್ಸ್ ಓವರ್ ಹೋಯಿತು. ಕಾಡು ಹೋಯಿತು. ಡೆಕಾರ್ಡ್ ಕನಸಿನಲ್ಲಿ ಒಂಟಿ ಕೊಂಬಿನ ಕುದುರೆ ಓಡಿತು, ಕೆಲವೇ ಸೆಕೆಂಡು. ಕೊನೆಯಲ್ಲಿ ಅವನ ಸಹೋದ್ಯೋಗಿ ಕಾಗದ ಮಡಚಿ ಮಾಡಿದ ಅಂಥದ್ದೇ ಕುದುರೆಯನ್ನು ಬಿಟ್ಟು ಹೋಗಿರುತ್ತಾನೆ. ಇವನ ಕನಸು ಅವನಿಗೆ ಹೇಗೆ ಗೊತ್ತು? ಅಂದರೆ ಡೆಕಾರ್ಡ್ ಕೂಡ ರೆಪ್ಲಿಕಂಟ್ ಅಲ್ವಾ? ಸ್ಕಾಟ್ ಹೌದು ಅನ್ನುತ್ತಾರೆ. ಫೋರ್ಡ್ ವರ್ಷಗಟ್ಟಲೆ ಒಪ್ಪಲಿಲ್ಲ.

ಆದರೆ ಇದೂ ಅವಸರದಲ್ಲಿ ಆದದ್ದು, ಸ್ಕಾಟ್‌ಗೆ ಪೂರ್ತಿ ತೃಪ್ತಿಯಿರಲಿಲ್ಲ. 1997ರಲ್ಲಿ ಅಮೆರಿಕದಲ್ಲಿ ಡಿವಿಡಿ ಶುರುವಾದಾಗ ಬಂದ ಮೊದಲ ಸಿನಿಮಾಗಳಲ್ಲಿ ಇದೂ ಒಂದು. ಗುಣಮಟ್ಟ ಮಾತ್ರ ಸಪ್ಪೆ. ಹೊಸದಾಗಿ ಮಾಡೋಣವೆಂದರೆ ಹಕ್ಕಿನ ತಗಾದೆ. ಚಿತ್ರೀಕರಣದ ಖರ್ಚು ಮಿತಿ ಮೀರಿದಾಗ ಹಣದ ಹೊಣೆ ಹೊತ್ತಿದ್ದವರ ಕೈಗೆ ಸಿನಿಮಾದ ಹಕ್ಕು ಹೋಗಿತ್ತು. ಅದು ಬಗೆಹರಿಯಲು 2006 ಆಯಿತು.

2007ರ ‘ಫೈನಲ್ ಕಟ್’ ಒಂದೇ ಸ್ಕಾಟ್ ಪೂರ್ತಿ ತಮ್ಮ ಹಿಡಿತದಲ್ಲಿಟ್ಟುಕೊಂಡು ಮುಗಿಸಿದ್ದು. ಮಸುಕು ಕ್ಯಾಸೆಟ್ಟಿನಲ್ಲಿ ಅಡಗಿದ್ದ ತಪ್ಪುಗಳು ಸ್ವಚ್ಛ ಡಿಸ್ಕಿನಲ್ಲಿ ಎದ್ದು ಕಾಣುತ್ತವೆ. ಗಾಜು ಒಡೆದುಕೊಂಡು ಓಡುವ ಝೋರಾ ಎಂಬ ರೆಪ್ಲಿಕಂಟ್ ಪಾತ್ರದಲ್ಲಿ ಇದ್ದವರು ಬೇರೆ ಸ್ಟಂಟ್ ಕಲಾವಿದೆ. ವಿಗ್ ನೋಡಿದರೇ ಗೊತ್ತಾಗುತ್ತಿತ್ತು. ಆ ಪಾತ್ರ ಮಾಡಿದ್ದ ಜೊಯಾನಾ ಕ್ಯಾಸಿಡಿ 25 ವರ್ಷದ ನಂತರ ಮತ್ತೆ ಬಂದರು, ಅವರ ಮುಖವನ್ನು ಅಲ್ಲಿಗೆ ಜೋಡಿಸಿದರು. ಹಾವು ಮಾರುವವನ ಜೊತೆ ಡೆಕಾರ್ಡ್ ಆಡುವ ಮಾತಿಗೂ ತುಟಿಗೂ ಹೊಂದುತ್ತಿರಲಿಲ್ಲ. ಅಲ್ಲಿಗೆ ಫೋರ್ಡ್ ಮಗ ಬೆನ್ ಅವರ ಬಾಯಿ ಬಂತು! ಹಾರುವ ಕಾರುಗಳ ತಂತಿ ಅಳಿಸಿದರು. ಬ್ರಯಂಟ್ ಬಾಯಲ್ಲಿ ಸತ್ತವು ಎರಡಾದವು, ಹಳೆಯ ಲೆಕ್ಕ ಸರಿಯಾಯಿತು. ಊರಿನ ದೃಶ್ಯಗಳ ಮೂಲ ಫಿಲ್ಮು ಮಾಮೂಲಿಗಿಂತ ಅಗಲವಾದ 65 ಎಂಎಂ ಆಗಿದ್ದರಿಂದ ಅವನ್ನು ಅತಿ ಸ್ಪಷ್ಟವಾದ 8ಕೆ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಲು ಸಾಧ್ಯವಾಯಿತು. ಆರಂಭದ ಬೆಂಕಿಯುಗುಳುವ ಚಿಮಣಿಗಳು ಈಗಲೂ ಹೊಸತರಂತೆ ಕಾಣುವುದು ಅದಕ್ಕೇ.

ಪೆಟ್ಟಿಗೆ ಡಿವಿಡಿ, ಬ್ಲೂ-ರೇ, ಎಚ್‌ಡಿ ಡಿವಿಡಿ ಮೂರರಲ್ಲೂ ಬಂತು. ಎಚ್‌ಡಿ ಡಿವಿಡಿ ಕೊಂಡವರದ್ದು ಪಾಪ. ಎರಡೇ ತಿಂಗಳಿಗೆ ತೋಷಿಬಾ ಆ ತಂತ್ರವನ್ನೇ ಕೈಬಿಟ್ಟಿತು. 2017ರಲ್ಲಿ ಮುಂದಿನ ಭಾಗ ‘ಬ್ಲೇಡ್ ರನ್ನರ್ 2049’ ತೆರೆಗೆ ಬರುವ ಮುಂಚೆ 4ಕೆ ಡಿಸ್ಕು ಬಂತು. ಅದರಲ್ಲಿ 4ಕೆ ಆಗಿರುವುದು ಫೈನಲ್ ಕಟ್ ಮಾತ್ರ.

ನಿಮ್ಮ ಕೈಯಲ್ಲಿರುವುದು ಯಾವುದೆಂದು ಅವಧಿ ನೋಡಿ ಪತ್ತೆ ಹಚ್ಚಲು ಹೋಗಬೇಡಿ. ಎಲ್ಲವೂ ಎರಡು ಗಂಟೆಯ ಆಸುಪಾಸೇ. ಡೆಕಾರ್ಡ್ ನೂಡಲ್ಸ್ ಅಂಗಡಿಯ ಮುಂದೆ ಕಾಯುವಾಗ ಹಿನ್ನೆಲೆಯಲ್ಲಿ ಅವನದೇ ವಿವರಣೆ ಕೇಳಿಸಿದರೆ ಅದು 1982ರದ್ದು. ನನ್ನ ಕೇಳಿದರೆ ಫೈನಲ್ ಕಟ್ ಮೊದಲು ನೋಡಿ. ವಾಯ್ಸ್ ಓವರ್ ಇರುವುದನ್ನು ಆಮೇಲೆ ಒಂದು ಸಲ ನೋಡಬಹುದು, ಆ ಕಾಡಿಗಾಗಿಯಾದರೂ.