ಕತ್ತರಿ ಹಿಡಿದರೆ ಮಾತ್ರ ನೈಟ್ರೇಟ್ ಹೊರಗೆ

ಅಕ್ವೇರಿಯಂನಲ್ಲಿ ನಾಲ್ಕು ಗಿಡ ನೆಟ್ಟುಬಿಟ್ಟರೆ ನೀರಿನಲ್ಲಿರುವ ನೈಟ್ರೇಟ್ (ಸಾರಜನಕದ ಒಂದು ರೂಪ, ಜಾಸ್ತಿಯಾದರೆ ಮೀನಿಗೆ ಒಳ್ಳೆಯದಲ್ಲ) ತಾನಾಗಿಯೇ ಇಳಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ಅರ್ಧ ನಿಜ. ಗಿಡ ನೈಟ್ರೇಟ್ ಹೀರುತ್ತದೆ, ಅನುಮಾನವೇ ಇಲ್ಲ. ಆದರೆ ಹೀರಿದ್ದೆಲ್ಲ ಎಲ್ಲಿ ಹೋಯಿತು? ಎಲೆಗೆ, ಕಾಂಡಕ್ಕೆ, ಬೇರಿಗೆ. ಅಂದರೆ ಅದೇ ತೊಟ್ಟಿಯೊಳಗೇ ಇದೆ. ಎಲೆ ಕೊಳೆತರೆ ಅದೆಲ್ಲ ಮತ್ತೆ ನೀರಿಗೇ ಸೇರುತ್ತದೆ.

ಈ ನೈಟ್ರೇಟ್ ಹುಟ್ಟುವುದು ಮುಖ್ಯವಾಗಿ ನಾವು ಹಾಕುವ ಆಹಾರದಿಂದ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16ರಷ್ಟು ಸಾರಜನಕವೇ. ಶೇ. 40ರಷ್ಟು ಪ್ರೋಟೀನ್ ಇರುವ ಒಂದು ಗ್ರಾಂ ಆಹಾರ ಹಾಕಿದರೆ 64 ಮಿಲಿಗ್ರಾಂ ಸಾರಜನಕ ನೀರಿಗೆ ಇಳಿದಂತೆ. ಮೀನು ಅದರಲ್ಲಿ ಸ್ವಲ್ಪವನ್ನು ಮೈಗೂಡಿಸಿಕೊಳ್ಳುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕಿವಿರುಗಳ ಮೂಲಕ ಅಮೋನಿಯಾ ಆಗಿ ಹೊರಬರುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಆಕ್ಸಿಜನ್ ಕೂಡಿಕೊಳ್ಳುವುದರಿಂದ ತೂಕವೂ ಏರುತ್ತದೆ: ಒಂದು ಮಿಲಿಗ್ರಾಂ ಸಾರಜನಕ ಸುಮಾರು 4.4 ಮಿಲಿಗ್ರಾಂ ನೈಟ್ರೇಟ್ ಆಗುತ್ತದೆ. ಮೀನು ಕಾಲು ಭಾಗ ಉಳಿಸಿಕೊಂಡಿತು ಅಂದುಕೊಳ್ಳಿ. ಆಗ 100 ಲೀಟರಿನ ತೊಟ್ಟಿಗೆ ದಿನಕ್ಕೆ ಒಂದು ಗ್ರಾಂ ಆಹಾರ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂನಂತೆ ನೈಟ್ರೇಟ್ ಏರುತ್ತದೆ. ವಾರಕ್ಕೆ ಹತ್ತಿರಹತ್ತಿರ 15.

ಇನ್ನು ಗಿಡದ ಕಡೆ ಬರೋಣ. ಹೆಚ್ಚಿನ ನೀರುಗಿಡಗಳ ಮೊದಲ ಆಯ್ಕೆ ನೈಟ್ರೇಟ್ ಅಲ್ಲವೇ ಅಲ್ಲ, ಅಮೋನಿಯಾ. ನೀರಿನಲ್ಲಿ ಅದು ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ. ಗಿಡ ತನ್ನ ಪ್ರೋಟೀನ್ ಕಟ್ಟುವುದು ಅದರಿಂದಲೇ. ನೈಟ್ರೇಟ್ ಸಿಕ್ಕರೆ ಮೊದಲು ಅದನ್ನು ಹಿಂದಕ್ಕೆ ಅಮೋನಿಯಂ ಮಾಡಿಕೊಳ್ಳಬೇಕು. ಆ ಕೆಲಸಕ್ಕೆ ಒಂದೊಂದು ನೈಟ್ರೇಟಿಗೂ ಎಂಟು ಎಲೆಕ್ಟ್ರಾನ್ ಬೇಕು. ಬ್ಯಾಕ್ಟೀರಿಯಾ ಕಷ್ಟಪಟ್ಟು ಮಾಡಿದ್ದನ್ನು ಗಿಡ ಮತ್ತೆ ಕಷ್ಟಪಟ್ಟು ಬಿಚ್ಚುತ್ತದೆ! ಅದಕ್ಕೇ ಅಮೋನಿಯಂ ಸಿಗುವ ತನಕ ಎಷ್ಟೋ ಗಿಡಗಳು ನೈಟ್ರೇಟಿನ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಇದರರ್ಥ ಗಿಡ ಮಾಡುವ ಉಪಕಾರದಲ್ಲಿ ದೊಡ್ಡ ಪಾಲು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಇದ್ದ ನೈಟ್ರೇಟನ್ನು ಅದು ಇಳಿಸುತ್ತದೆ, ಸರಿ. ಅದಕ್ಕಿಂತ ಜಾಸ್ತಿ, ಹೊಸದು ಹುಟ್ಟದ ಹಾಗೆ ತಡೆಯುತ್ತದೆ.

ಹಾಗಾದರೆ ಯಾವ ಗಿಡ? ಬೇಗ ಬೆಳೆಯುವ ಗಿಡ, ಅಷ್ಟೇ. ಅನುಬಿಯಾಸ್, ಜಾವಾ ಫರ್ನ್ ನೋಡಲು ಚೆಂದ, ಸಾಕುವುದೂ ಸುಲಭ. ಆದರೆ ಒಂದು ಹೊಸ ಎಲೆ ಬಿಡಲು ವಾರಗಟ್ಟಲೆ ತೆಗೆದುಕೊಳ್ಳುವ ಗಿಡ ಎಷ್ಟು ಸಾರಜನಕ ಹೀರೀತು? ಹಾರ್ನ್‌ವರ್ಟ್, ವ್ಯಾಲಿಸ್ನೇರಿಯಾ, ಹೈಗ್ರೋಫಿಲಾ ಇವೆಲ್ಲ ಚುರುಕು. ಇವನ್ನೂ ಮೀರಿಸುವುದು ತೇಲುವ ಗಿಡಗಳು: ಡಕ್‌ವೀಡ್, ಅಂತರಗಂಗೆ. ಕಾರಣ ಗಾಳಿ. ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹರಡುವ ವೇಗ ಗಾಳಿಯಲ್ಲಿ ಇರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಮುಳುಗಿರುವ ಎಲೆ ಯಾವಾಗಲೂ ಅರೆಹೊಟ್ಟೆ. ತೇಲುವ ಎಲೆಗೆ ಆ ಚಿಂತೆಯಿಲ್ಲ, ಬೆಳಕೂ ಮೊದಲು ಅದಕ್ಕೇ. ಮನಿಪ್ಲಾಂಟಿನ ಬೇರನ್ನಷ್ಟೇ ನೀರಿಗೆ ಇಳಿಬಿಟ್ಟು ಎಲೆಗಳನ್ನು ಹೊರಗೆ ಬಿಡುವುದೂ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತದೆ.

ಲೆಕ್ಕ ಅಂದಮೇಲೆ ಇದನ್ನೂ ನೋಡಿಬಿಡಿ. ಡಕ್‌ವೀಡ್‌ನಲ್ಲಿ ಶೇ. 90ಕ್ಕೂ ಜಾಸ್ತಿ ನೀರೇ. 100 ಗ್ರಾಂ ಹಸಿ ಡಕ್‌ವೀಡ್ ಎತ್ತಿ ತೆಗೆದರೆ ಒಣ ತೂಕ 6 ಗ್ರಾಂ ಅಂತಿಟ್ಟುಕೊಳ್ಳೋಣ. ಅದರಲ್ಲಿ ಶೇ. 4ರಷ್ಟು ಸಾರಜನಕ ಇದ್ದರೆ ಕಾಲು ಗ್ರಾಂ ಹತ್ತಿರ ಆಯಿತು. ಅಂದರೆ ಒಂದು ಗ್ರಾಂಗಿಂತ ತುಸು ಹೆಚ್ಚು ನೈಟ್ರೇಟ್. ನಮ್ಮ 100 ಲೀಟರ್ ತೊಟ್ಟಿಯಲ್ಲಿ ಲೀಟರಿಗೆ 10 ಮಿಲಿಗ್ರಾಂ ಇಳಿದ ಹಾಗೆ. ವಾರಕ್ಕೆ ಅಷ್ಟು ಎತ್ತಿದರೆ, ಆ ವಾರ ಏರಬೇಕಿದ್ದ 15ರಲ್ಲಿ ಮೂರನೇ ಎರಡು ಭಾಗ ಹೊರಗೆ ಹೋಯಿತು. ಎತ್ತದೇ ಬಿಟ್ಟರೆ? ಮೇಲ್ಮೈ ತುಂಬುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಕೆಳಗಿನ ಗಿಡಗಳಿಗೆ ಬೆಳಕಿಲ್ಲದೆ ಎಲೆ ಕೊಳೆಯುತ್ತದೆ. ಎತ್ತಿದ್ದನ್ನು ಗೋಲ್ಡ್‌ಫಿಶ್‌ಗೆ ತಿನ್ನಿಸಿದರೂ ಅಷ್ಟೇ, ಬಹುಪಾಲು ವಾಪಸ್ ಬಂತು ಅನ್ನಿ. ಹೂಕುಂಡಗಳಿಗೆ ಹಾಕಿದರೆ ಒಳ್ಳೆ ಗೊಬ್ಬರ. ಕೆರೆ, ಕಾಲುವೆಗೆ ಮಾತ್ರ ಸುರಿಯಬಾರದು. ತೊಟ್ಟಿಯಲ್ಲಿ ಉಪಕಾರಿಯಾದ ಆ ವೇಗವೇ ಅಲ್ಲಿ ಕಾಟವಾಗುತ್ತದೆ.

ಹೊಸದಾಗಿ ಗಿಡ ನೆಟ್ಟವರು ಕೆಲವೊಮ್ಮೆ ಗಾಬರಿಯಾಗುತ್ತಾರೆ, ನೈಟ್ರೇಟ್ ಇಳಿಯುವ ಬದಲು ಏರಿದೆಯಲ್ಲ ಅಂತ. ನರ್ಸರಿಯಲ್ಲಿ ಎಷ್ಟೋ ಗಿಡಗಳನ್ನು ನೀರಿನಿಂದ ಹೊರಗೆ ಬೆಳೆಸಿರುತ್ತಾರೆ. ಮುಳುಗಿಸಿದಾಗ ಆ ಹಳೆ ಎಲೆಗಳು ಕರಗಿಹೋಗುತ್ತವೆ, ನೀರೊಳಗಿನ ಬಾಳಿಗೆ ಒಗ್ಗುವ ಹೊಸ ಎಲೆ ಆಮೇಲೆ ಬರುತ್ತದೆ. ಕರಗುತ್ತಿರುವ ಎಲೆಗಳನ್ನು ಆಗಾಗ ಕತ್ತರಿಸಿ ತೆಗೆಯುತ್ತಿದ್ದರೆ ಸಾಕು. ಟೆಸ್ಟ್ ಕಿಟ್ ಕೂಡ ದಾರಿ ತಪ್ಪಿಸಬಹುದು. ಕೆಲವು ಕಿಟ್‌ಗಳು ನೈಟ್ರೇಟನ್ನೇ ತೋರಿಸುತ್ತವೆ, ಕೆಲವು ಅದರಲ್ಲಿರುವ ಸಾರಜನಕವನ್ನು ಮಾತ್ರ. ಒಂದರಲ್ಲಿ 10 ಅಂದರೆ ಇನ್ನೊಂದರಲ್ಲಿ 44. ಡಬ್ಬಿಯ ಮೇಲೆ ಓದದೆ ಸುಮ್ನೆ ಹೋಲಿಸಲು ಹೋಗಬೇಡಿ.

ನೀರು ಬದಲಿಸುವುದನ್ನು ಗಿಡ ಪೂರ್ತಿ ತಪ್ಪಿಸುವುದಿಲ್ಲ. ಆದರೆ ನಲ್ಲಿ ಅಥವಾ ಬೋರ್‌ವೆಲ್ ನೀರಿನಲ್ಲೇ ನೈಟ್ರೇಟ್ ಇದ್ದರೆ ಬದಲಿಸಿ ಏನು ಬಂತು? ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ಮಿತಿಯೊಳಗಿನ ನೀರಿನಲ್ಲೂ 40 ಇರಬಹುದು. ಎಷ್ಟು ಸಲ ಬದಲಿಸಿದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಗಿಡ ನಿಜಕ್ಕೂ ಬೆಲೆಬಾಳುವುದು ಇಂಥ ಕಡೆ.

ಇಷ್ಟಾದರೂ ನೈಟ್ರೇಟ್ ಅಲುಗಾಡದಿದ್ದರೆ ಗಿಡಕ್ಕೆ ಬೇರೇನೋ ಸಾಲುತ್ತಿಲ್ಲ. ಬೆಳಕು, ಪೊಟ್ಯಾಸಿಯಂ, ಕಬ್ಬಿಣ, ರಂಜಕ, ಇವುಗಳಲ್ಲಿ ಯಾವುದು ತೀರಾ ಕಡಿಮೆಯೋ ಅದೇ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುತ್ತದೆ. ಹೊಸ ಎಲೆ ಹಳದಿಯಾದರೆ ಮೊದಲು ಕಬ್ಬಿಣದ ಮೇಲೆ ಸಂಶಯಪಡಿ. ಹಳೆ ಎಲೆ ಹಳದಿಯಾಗಿ ನೈಟ್ರೇಟ್ ಸೊನ್ನೆ ತೋರಿಸಿದರೆ ಕಥೆಯೇ ಉಲ್ಟಾ, ಗಿಡ ಸಾರಜನಕಕ್ಕೇ ಹಸಿದಿದೆ. ಒತ್ತಾಗಿ ಗಿಡ ಬೆಳೆಸಿ ಮೀನು ಕಡಿಮೆ ಇಟ್ಟವರು ಪೊಟ್ಯಾಸಿಯಂ ನೈಟ್ರೇಟ್ ಕೊಂಡು ತಂದು, ಅಳೆದು ತೊಟ್ಟಿಗೆ ಹಾಕುವುದು ಇದಕ್ಕೇ.