ಶ್ಯೋಕ್ ನದಿ ದಾಟುವ ಕಷ್ಟ: 14,650 ಅಡಿ ಎತ್ತರದ ಸೇತುವೆಯ ಹಿನ್ನೆಲೆ

ಲಡಾಖ್‌ನ ಲೇಹ್‌ನಿಂದ ಕಾರಾಕೋರಂ ಕಣಿವೆ ದಾಟಿ ಇಂದಿನ ಚೀನಾದ ಯಾರ್ಕಂದಿಗೆ ಹೋಗುತ್ತಿದ್ದ ಹಳೆಯ ವ್ಯಾಪಾರಿಗಳಿಗೆ ಎರಡು ದಾರಿಗಳಿದ್ದವು. ಚಳಿಗಾಲದ ದಾರಿ ಶ್ಯೋಕ್ ನದಿಯ ಪಾತ್ರದಲ್ಲೇ, ಹೆಪ್ಪುಗಟ್ಟಿದ ನೀರಿನ ಮೇಲೆ ಸಾಗುತ್ತಿತ್ತು. ಬೇಸಿಗೆ ಬಂದರೆ ಅದನ್ನು ಬಿಟ್ಟು, ಹಿಮನದಿಯ ಮೇಲೆ ಹಾದು ಸಾಸೆರ್ ಲಾ ಎಂಬ ಎತ್ತರದ ಘಟ್ಟ ಹತ್ತಬೇಕಿತ್ತು. ಕುದುರೆಗಳು ಸಾಯುವಂಥ ಏರು ಅದು. ಆದರೂ ಅದನ್ನೇ ಆರಿಸುತ್ತಿದ್ದರು, ಏಕೆಂದರೆ ಹಿಮ ಕರಗುವ ತಿಂಗಳುಗಳಲ್ಲಿ ಶ್ಯೋಕ್‌ನ ಪಾತ್ರ ಹಿಡಿದು, ಅದನ್ನು ಮತ್ತೆ ಮತ್ತೆ ದಾಟುತ್ತ ಸಾಗಲು ಆಗುತ್ತಿರಲಿಲ್ಲ. ಬೆಳಗಿನ ಜಾವ ಮೊಣಕಾಲುದ್ದ ಇರುವ ನೀರು ಬಿಸಿಲೇರಿ ಹಿಮ ಕರಗಿದಂತೆ ಉಕ್ಕಿ, ಇಳಿಹೊತ್ತಿಗೆ ಬಂಡೆಗಳನ್ನೇ ಉರುಳಿಸಿಕೊಂಡು ಬರುತ್ತದೆ.

ದರ್ಬುಕ್‌ನಿಂದ ಶ್ಯೋಕ್ ಹಳ್ಳಿಯ ಮೂಲಕ ಚೀನಾ ಗಡಿಯ ಬಳಿಯ ಸೇನಾ ನೆಲೆ ದೌಲತ್ ಬೇಗ್ ಓಲ್ಡಿಗೆ ಹೋಗುವ 255 ಕಿ.ಮೀ. ರಸ್ತೆಯ ಇತಿಹಾಸವೆಲ್ಲ ಈ ನದಿಯೊಂದಿಗಿನ ಜಗಳವೇ. ಗಡಿ ರಸ್ತೆಗಳ ಸಂಸ್ಥೆ (ಬಿಆರ್‌ಒ) 2000ದ ಸುಮಾರಿಗೆ ಕೆಲಸ ಹಿಡಿದಾಗ ಸಾಕಷ್ಟು ಭಾಗವನ್ನು ನದೀಪಾತ್ರದ ಸಮತಟ್ಟಿನಲ್ಲೇ ತೆಗೆದುಕೊಂಡು ಹೋಯಿತು. ಬಂಡೆ ಸಿಡಿಸುವುದು ಕಡಿಮೆ, ಏರಿಳಿತ ಕಡಿಮೆ, ಕೆಲಸ ಬೇಗ. ಅದು ಚಳಿಗಾಲದ ಹಳೆಯ ದಾರಿಯ ತರ್ಕ, ಎಲ್ಲ ಕಾಲದಲ್ಲೂ ಲಾರಿ ಓಡಬೇಕಾದ ರಸ್ತೆಗೆ ಒಗ್ಗುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ನದಿ ರಸ್ತೆಯನ್ನು ತುಂಡು ತುಂಡಾಗಿ ಕೊಚ್ಚಿಕೊಂಡು ಹೋಯಿತು. 2011ರ ತನಿಖೆಯ ನಂತರ ಮಾರ್ಗವನ್ನು ಬದಲಿಸಿ, ಮೇಲಿನ ಇಳಿಜಾರಿಗೆ ಏರಿಸಬೇಕಾಯಿತು. ನದಿಯಿಂದ ದೂರ ಸರಿದ ರಸ್ತೆಯೂ ಎಲ್ಲೋ ಒಂದು ಕಡೆ ನದಿಯನ್ನು ದಾಟಲೇಬೇಕು. ಅಲ್ಲಿ ಎದ್ದು ನಿಂತದ್ದೇ ಕರ್ನಲ್ ಚೆವಾಂಗ್ ರಿಂಚೆನ್ ಸೇತು. ಉದ್ದ ಸುಮಾರು 1,400 ಅಡಿ, ಸಮುದ್ರಮಟ್ಟದಿಂದ ಎತ್ತರ 14,650 ಅಡಿ. 2019ರ ಅಕ್ಟೋಬರ್ 21ರಂದು ಸಂಚಾರಕ್ಕೆ ತೆರೆಯಿತು. ಎರಡು ಬಾರಿ ಮಹಾವೀರ ಚಕ್ರ ಪಡೆದ ನುಬ್ರಾದ ಯೋಧನ ಹೆಸರು ಅದಕ್ಕಿದೆ.

ಇಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 57ರಷ್ಟು. ಟರ್ಬೊ ಇಲ್ಲದ ಡೀಸೆಲ್ ಎಂಜಿನ್ ಸುಮಾರು ಶೇ 40ರಷ್ಟು ಬಲ ಕಳೆದುಕೊಳ್ಳುತ್ತದೆ. ಕಂಪ್ರೆಸರ್ ಕೂಡ ತೆಳು ಗಾಳಿಯನ್ನೇ ಎಳೆದುಕೊಳ್ಳಬೇಕಾದ್ದರಿಂದ ಕೊರೆಯುವ ಸುತ್ತಿಗೆಗೆ ಸಿಗುವ ಗಾಳಿ ಕಡಿಮೆ. ಯೋಜನೆಯ ಹಾಳೆಯಲ್ಲಿ ಒಂದು ದಿನಕ್ಕೆ ಬರೆದ ರಂಧ್ರ ಎರಡು ದಿನ ತಿನ್ನುತ್ತದೆ. ಕೆಲಸ ಮಾಡಬಹುದಾದ ಅವಧಿ ವರ್ಷಕ್ಕೆ ಐದಾರು ತಿಂಗಳು ಮಾತ್ರ. ಅದರಲ್ಲೂ ನದಿ ಉಕ್ಕುವ ಜುಲೈ–ಆಗಸ್ಟ್‌ನಲ್ಲಿ ಪಾತ್ರದೊಳಗೆ ಇಳಿಯುವಂತಿಲ್ಲ. ಹಾಗಾಗಿ ತಳಪಾಯದ ಕೆಲಸಕ್ಕೆ ಸಿಗುವುದು ನೀರು ಏರುವ ಮುಂಚಿನ ಮತ್ತು ಇಳಿದ ನಂತರದ ಎರಡು ಸಣ್ಣ ಕಿಂಡಿಗಳು.

ಇಲ್ಲಿ ತಳಪಾಯಕ್ಕೆ ಮೈಕ್ರೊ ಪೈಲಿಂಗ್ (ನೆಲದಾಳಕ್ಕೆ ತೆಳು ಕಂಬಗಳನ್ನು, ಅಂದರೆ ಪೈಲ್‌ಗಳನ್ನು ಇಳಿಸುವುದು) ಆರಿಸಿಕೊಂಡದ್ದರ ಅರ್ಥ ಈ ಲೆಕ್ಕದಿಂದಲೇ ತಿಳಿಯುತ್ತದೆ. 1 ಮೀಟರ್ ವ್ಯಾಸದ, 20 ಮೀಟರ್ ಆಳದ ದೊಡ್ಡ ಪೈಲ್ ಒಂದಕ್ಕೆ ಸುಮಾರು 16 ಘನ ಮೀಟರ್ ಕಾಂಕ್ರೀಟನ್ನು ಎಡೆಬಿಡದೆ ಸುರಿಯಬೇಕು. ಅದಕ್ಕೆ ಭಾರಿ ಕೊರೆಯುವ ಯಂತ್ರ, ದೊಡ್ಡ ಕ್ರೇನ್, ಬಿಸಿ ಇಟ್ಟ ಇಡೀ ಮಿಕ್ಸಿಂಗ್ ಘಟಕ ಬೇಕು. 200 ಮಿ.ಮೀ. ರಂಧ್ರಕ್ಕೆ ಅದೇ ಆಳದಲ್ಲಿ 0.63 ಘನ ಮೀಟರ್ ಸಿಮೆಂಟ್ ಹಾಲು (ನೀರಿನಲ್ಲಿ ತೆಳುವಾಗಿ ಕಲಸಿದ ಸಿಮೆಂಟ್) ಸಾಕು. ಅಷ್ಟನ್ನು ಒಂದು ಡೇರೆಯೊಳಗೇ ಬೆಚ್ಚಗೆ ಕಲಸಬಹುದು. ಒಂದು ರಂಧ್ರ ಕೆಟ್ಟರೆ ಪಕ್ಕದಲ್ಲಿ ಇನ್ನೊಂದು ಕೊರೆಯಬಹುದು, ಕಂಬವೇ ಕೈಬಿಡುವ ಪ್ರಸಂಗ ಬರುವುದಿಲ್ಲ.

ಮೈಕ್ರೊ ಪೈಲ್ ಎಂದರೆ 300 ಮಿ.ಮೀ.ಗಿಂತ ಕಡಿಮೆ ವ್ಯಾಸದ ರಂಧ್ರ, ಅದರೊಳಗೆ ಉಕ್ಕಿನ ಕೊಳವೆ ಅಥವಾ ದಪ್ಪ ಸರಳು, ಸುತ್ತ ಒತ್ತಡದಲ್ಲಿ ತುಂಬಿದ ಸಿಮೆಂಟ್ ಹಾಲು. ಭಾರವನ್ನು ಹೊರುವುದು ಬುಡವಲ್ಲ, ರಂಧ್ರದ ಗೋಡೆಯ ಉದ್ದಕ್ಕೂ ಹುಟ್ಟುವ ಹಿಡಿತ. ಶ್ಯೋಕ್‌ನಂಥ ಪಾತ್ರದಲ್ಲಿ ಮರಳು, ಜಲ್ಲಿ, ಮನೆಯಷ್ಟು ದೊಡ್ಡ ಬಂಡೆ ಎಲ್ಲ ಕಲಸಿಕೊಂಡಿರುವುದರಿಂದ ಬರಿದೆ ಕೊರೆದರೆ ರಂಧ್ರ ಕುಸಿಯುತ್ತದೆ. ಕೊರೆಯುವ ಮೂತಿಯ ಹಿಂದೆಯೇ ರಂಧ್ರದ ಗೋಡೆ ಹಿಡಿಯುವ ಉಕ್ಕಿನ ಕೊಳವೆ, ಅಂದರೆ ಕೇಸಿಂಗ್ ಇಳಿಸುತ್ತ ಹೋಗಬೇಕು. ಓರೆ ಬಂಡೆಗೆ ತಗುಲಿ ಕೇಸಿಂಗ್ ವಾಲುವುದು, ಸಡಿಲ ಜಲ್ಲಿಯ ಸಂದುಗಳಿಗೆ ಸಿಮೆಂಟ್ ಹಾಲು ಹರಿದುಹೋಗುವುದು ಇಲ್ಲಿನ ಎರಡು ದೊಡ್ಡ ಕಾಟ. ಲೆಕ್ಕಕ್ಕಿಂತ ಎರಡು ಪಟ್ಟು ಹಾಲು ಕುಡಿದರೂ ರಂಧ್ರ ತುಂಬದಿದ್ದರೆ ನಿಲ್ಲಿಸಿ, ಗಟ್ಟಿಯಾಗಲು ಬಿಟ್ಟು, ಮತ್ತೆ ಕೊರೆದು ಮತ್ತೆ ತುಂಬಬೇಕು.

ತೆಳು ಪೈಲಿಗೆ ಒಂದು ದೌರ್ಬಲ್ಯವಿದೆ, ಅದನ್ನು ಮುಚ್ಚಿಡಬಾರದು. ನೆರೆಯಲ್ಲಿ ಕಂಬದ ಬುಡದ ಮಣ್ಣು ಕೊರೆದು ಹೋದರೆ ಸುತ್ತಲಿನ ಆಸರೆ ತಪ್ಪಿ ಪೈಲ್ ಬಾಗುತ್ತದೆ. ಆದ್ದರಿಂದ ಪೈಲುಗಳ ತಲೆಗಳನ್ನು ಒಟ್ಟಿಗೆ ಕಟ್ಟುವ ಕಾಂಕ್ರೀಟ್ ದಿಮ್ಮಿ ನೆರೆಯ ಕೊರೆತದ ಮಟ್ಟಕ್ಕಿಂತ ಕೆಳಗಿರಬೇಕು, ಮೇಲ್ಭಾಗದ ಕೇಸಿಂಗನ್ನು ತೆಗೆಯದೆ ಒಳಗೇ ಬಿಡಬೇಕು, ಕೆಲವನ್ನು ಓರೆಯಾಗಿ ಇಳಿಸಬೇಕು.

ತಾಪಮಾನ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಕಾಂಕ್ರೀಟಿಗೆ ಚಳಿಗಾಲದ ನಿಯಮ ಅನ್ವಯ. ಹಸಿ ಕಾಂಕ್ರೀಟಿನೊಳಗಿನ ನೀರು ಹೆಪ್ಪುಗಟ್ಟಿದರೆ ಶೇ 9ರಷ್ಟು ಹಿಗ್ಗಿ ಒಳಗಿನಿಂದಲೇ ಒಡೆಯುತ್ತದೆ. ಆಮೇಲೆ ಎಷ್ಟು ಕಾಲ ಬಿಟ್ಟರೂ ಆ ಬಲ ಮರಳುವುದಿಲ್ಲ. ಕನಿಷ್ಠ 3.5 ಮೆಗಾಪ್ಯಾಸ್ಕಲ್ ಬಲ ಬರುವವರೆಗೆ ಅದನ್ನು ಬೆಚ್ಚಗೆ ಕಾಯಬೇಕು. ನೀರು ಬಿಸಿ ಮಾಡುವುದು ಸುಲಭ, ಆದರೆ ಬಿಸಿ ನೀರು ನೇರ ಸಿಮೆಂಟಿಗೆ ತಾಗಿದರೆ ಕೈಯಲ್ಲೇ ಗಟ್ಟಿಯಾಗುತ್ತದೆ. ಮೊದಲು ಜಲ್ಲಿ, ಮರಳಿಗೆ ನೀರು ಬೆರೆಸಿ, ಬಿಸಿ ಇಳಿದ ಮೇಲೆ ಸಿಮೆಂಟ್ ಹಾಕಬೇಕು. ಜಲ್ಲಿಯೊಳಗೆ ಮಂಜಿನ ತುಣುಕು ಉಳಿದಿದ್ದರೆ ಅದು ಕರಗಿ ಅಲ್ಲೊಂದು ಗುಳಿ ಬೀಳುತ್ತದೆ. ಮುಂದಿನ ಚಳಿಗಾಲಗಳನ್ನು ತಾಳಲು ಮಿಶ್ರಣದಲ್ಲಿ ಶೇ 4ರಿಂದ 6ರಷ್ಟು ಸೂಕ್ಷ್ಮ ಗಾಳಿಗುಳ್ಳೆಗಳಿರಬೇಕು.

ದಡದ ಕಷ್ಟ ಬೇರೆಯದು. ಹರಿಯುವ ನದಿಯ ಅಡಿಯ ನೆಲ ಸಾಮಾನ್ಯವಾಗಿ ಹೆಪ್ಪುಗಟ್ಟಿರುವುದಿಲ್ಲ. ದಡದ ನೆಲದಲ್ಲಿ ವರ್ಷಪೂರ್ತಿ ಕರಗದ ಮಂಜು ಇರಬಹುದು. ಮಧ್ಯದ ಕಂಬ ಒಂದು ಬಗೆಯ ನೆಲದ ಮೇಲೆ, ಸೇತುವೆಯ ತುದಿ ಹೊರುವ ದಡದ ಕಟ್ಟೆ (ಅಬಟ್ಮೆಂಟ್) ಇನ್ನೊಂದು ಬಗೆಯದರ ಮೇಲೆ. ಅಗೆದ ಹೊಂಡವನ್ನು ಬೇಸಿಗೆಯ ಬಿಸಿಲಿಗೆ ವಾರಗಟ್ಟಲೆ ತೆರೆದಿಟ್ಟರೆ ಮಂಜು ಕರಗಿ ನೆಲ ಕೆಸರಾಗುತ್ತದೆ, ಸಿಮೆಂಟ್ ಗಟ್ಟಿಯಾಗುವಾಗಿನ ಶಾಖವೂ ಸೇರಿಕೊಳ್ಳುತ್ತದೆ. ಮೊದಲು ತಗ್ಗುವುದು ಸೇತುವೆಯಲ್ಲ, ಅದಕ್ಕೆ ಸೇರುವ ರಸ್ತೆ. ಮಂಜು ಬೆರೆತ ಮಣ್ಣನ್ನು ತೆಗೆದು ದಪ್ಪ ಜಲ್ಲಿ ತುಂಬುವುದು, ಹೊಂಡವನ್ನು ಬೇಗ ಮುಚ್ಚುವುದು ಇದಕ್ಕಿರುವ ಮದ್ದು.

ಈ ನೆಲದ ಮೇಲಿನ ಹಸಿರೂ ಅಷ್ಟೇ ನಾಜೂಕು. ಬುರ್ತ್ಸೆ ಎಂಬ ಕುಳ್ಳ ಪೊದೆಯ ಬೇರು ಮರಳನ್ನು ಹಿಡಿದಿಟ್ಟಿದೆ. ಟಿಪ್ಪರ್ ಒಮ್ಮೆ ದಾರಿ ಬಿಟ್ಟು ಹೋದರೆ ಆ ಗಾಯ ಮಾಯಲು ದಶಕಗಳು ಬೇಕು. ಟಿಬೆಟಿನ ಹುಲ್ಲೆ ಚಿರು ಭಾರತದಲ್ಲಿ ಕಾಣುವ ಬೆರಳೆಣಿಕೆಯ ಜಾಗಗಳಲ್ಲಿ ಈ ಸೀಮೆಯೂ ಒಂದು. ಒಡೆದ ಕಲ್ಲನ್ನು ನದಿಗೆ ಸುರಿಯುವುದು ಎಲ್ಲ ಕಡೆಯೂ ಕಾಣುವ ಸುಲಭದ ಕೆಟ್ಟ ಚಾಳಿ. ಪಾತ್ರ ಕಿರಿದಾದರೆ ಹರಿವಿನ ವೇಗ ಹೆಚ್ಚಿ ಕಂಬದ ಬುಡವನ್ನೇ ಕೊರೆಯುತ್ತದೆ. ಇಲ್ಲಿ ಪರಿಸರ ಕಾಯುವುದೂ ಸೇತುವೆ ಕಾಯುವುದೂ ಬೇರೆ ಬೇರೆ ಕೆಲಸಗಳಲ್ಲ.

ಮೇಲಿನ ಉಕ್ಕಿನ ಭಾಗ ತುಲನೆಯಲ್ಲಿ ಸರಳ. ತುಂಡುಗಳು ಕಾರ್ಖಾನೆಯಿಂದ ಬರುತ್ತವೆ, ಇಲ್ಲಿ ಬೋಲ್ಟ್ ಬಿಗಿಯುವುದಷ್ಟೇ. ಕೊರೆವ ಚಳಿಯಲ್ಲಿ ಸಾಮಾನ್ಯ ಉಕ್ಕು ಗಾಜಿನಂತೆ ಸೀಳಬಹುದಾದ್ದರಿಂದ ಮೈನಸ್ 20 ಡಿಗ್ರಿಯಲ್ಲಿ ಹೊಡೆತದ ಪರೀಕ್ಷೆ ದಾಟಿದ ದರ್ಜೆ ಬೇಕು. ಬೇಸಿಗೆ–ಚಳಿಗಾಲದ ನಡುವೆ 65 ಡಿಗ್ರಿ ವ್ಯತ್ಯಾಸವಾದರೆ 100 ಮೀಟರ್ ಉಕ್ಕು 78 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಉಕ್ಕು ಹೀಗೆ ಸರಿಯಲು ಕಂಬದ ಮೇಲೆ ಇಡುವ ಆಸರೆ, ಅಂದರೆ ಬೇರಿಂಗ್, ಮರಳು ತುಂಬಿ ಕಚ್ಚಿಕೊಂಡರೆ ಆ ಬಲವೆಲ್ಲ ಕಂಬದ ತಲೆಗೆ ಹೊಡೆಯುತ್ತದೆ.

ನಿಜವಾದ ಆತಂಕ ಮೇಲಿನ ಹಿಮನದಿಗಳದ್ದು. 1929ರ ಆಗಸ್ಟ್‌ನಲ್ಲಿ ಚೋಂಗ್ ಕುಮ್ದನ್ ಹಿಮನದಿ ಶ್ಯೋಕ್‌ಗೆ ಅಡ್ಡಗಟ್ಟಿದ ಒಡ್ಡು ಒಡೆದು ಸುಮಾರು 135 ಕೋಟಿ ಘನ ಮೀಟರ್ ನೀರು ಒಮ್ಮೆಗೇ ನುಗ್ಗಿತು. ಕನ್ನಂಬಾಡಿ ಕಟ್ಟೆ ತುಂಬಿದಾಗ ಹಿಡಿಯುವ ನೀರಿಗೆ ಇದು ಹತ್ತಿರ ಹತ್ತಿರ ಸಮ. ಸಾವಿರ ಕಿ.ಮೀ.ಗೂ ಕೆಳಗಿನ ಅಟ್ಟೊಕ್‌ನಲ್ಲೂ (ಇಂದಿನ ಪಾಕಿಸ್ತಾನ), ಶ್ಯೋಕ್ ಹೋಗಿ ಸೇರುವ ಸಿಂಧೂ ಏರಿತು. ಅಂಥ ನೆರೆಯನ್ನು ತಡೆಯುವ ಕಂಬ ಯಾರೂ ಕಟ್ಟಲಾರರು. ಇದೇ ಕಾರಾಕೋರಂನ, ಪಾಕಿಸ್ತಾನದ ಹಿಡಿತದಲ್ಲಿರುವ ಹುಂಜಾದಲ್ಲಿ 2022ರ ಮೇ 7ರಂದು ಶಿಸ್ಪರ್ ಹಿಮನದಿಯ ಸರೋವರ ಒಡೆದು ಹಸನಾಬಾದ್‌ನ ಹೆದ್ದಾರಿ ಸೇತುವೆ ಕುಸಿದದ್ದು ದಡದ ಬುಡ ಕೊರೆದುಹೋಗಿ. 2023ರ ಅಕ್ಟೋಬರ್ 4ರಂದು ಸಿಕ್ಕಿಂನಲ್ಲಿ ದಕ್ಷಿಣ ಲ್ಹೊನಾಕ್ ಸರೋವರ ಒಡೆದಾಗ ತೀಸ್ತಾ ಕಣಿವೆಯ ಹಲವು ಸೇತುವೆಗಳು ಹೋದವು.

ಹಾಗಾಗಿ ಶ್ಯೋಕ್ ಸೇತುವೆಯ ಪಾಲನೆ ಸೇತುವೆಯ ಮೇಲಷ್ಟೇ ಮುಗಿಯುವುದಿಲ್ಲ. ಪ್ರತಿ ನೆರೆಗಾಲದ ನಂತರ ಕಂಬದ ಬುಡದ ಆಳ ಅಳೆದು ಹಿಂದಿನ ವರ್ಷದ ಅಂಕಿಯೊಂದಿಗೆ ಹೋಲಿಸಬೇಕು, ಕೊರೆದ ಕಡೆ ದೊಡ್ಡ ಕಲ್ಲು ತುಂಬಬೇಕು, ಬೇರಿಂಗ್ ತೊಳೆಯಬೇಕು, ಬೋಲ್ಟ್ ಬಿಗಿ ನೋಡಬೇಕು. ಕುಮ್ದನ್ ಹಿಮನದಿಗಳ ಮೂತಿ ನದಿಯತ್ತ ಎಷ್ಟು ಸರಿದಿದೆ ಎಂಬುದನ್ನು ಉಪಗ್ರಹ ಚಿತ್ರದಲ್ಲಿ ತಿಂಗಳು ತಿಂಗಳೂ ಗಮನಿಸಬೇಕು. ಅಡ್ಡಗಟ್ಟಿದ ನೀರು ತುಂಬಲು ತಿಂಗಳುಗಳು ಬೇಕಾದ್ದರಿಂದ, ನೋಡುವವರಿದ್ದರೆ ಕೆಳಗಿನವರಿಗೆ ಸರಿಯಲು ಕಾಲಾವಕಾಶ ಸಿಗುತ್ತದೆ.